ಪಾತ್ರಕ್ಕೆ ನ್ಯಾಯ ಒದಗಿಸಿದವನು

‘ಕಲಾವಿದರು ತಮ್ಮ ಪಾತ್ರಗಳಿಗೆ ನ್ಯಾಯ ಒದಗಿಸಿದ್ದಾರೆ.’ ನಮ್ಮ ನಾಟಕ ವಿಮರ್ಶೆಗಳಲ್ಲಿ ಈ ವಾಕ್ಯ ಇಲ್ಲದಿದ್ದರೆ ಏನೋ ಕೊರತೆ. ಇದನ್ನು ಹೇಡಿಗಳ ವಾಕ್ಯವೆಂದು ಮೂಗು ಮುರಿಯುವವರು 1973ರ ಬ್ರಿಟಿಷ್ ಚಿತ್ರ ‘ಥಿಯೇಟರ್ ಆಫ್ ಬ್ಲಡ್’ ನೋಡಬೇಕು. ಪ್ರಾಣ ಉಳಿಸುವ ವಾಕ್ಯವಿದು!

ಡಗ್ಲಸ್ ಹಿಕಾಕ್ಸ್ ನಿರ್ದೇಶನದ ಆ ಚಿತ್ರದಲ್ಲಿ ಎಡ್ವರ್ಡ್ ಲಯನ್‌ಹಾರ್ಟ್ ಶೇಕ್ಸ್‌ಪಿಯರ್ ಬಿಟ್ಟು ಬೇರೇನನ್ನೂ ಮುಟ್ಟದ ನಟ. ಪ್ರಶಸ್ತಿ ತನಗೇ ಎಂದು ಕಾದವನಿಗೆ ವಿಮರ್ಶಕರು ಕೈಕೊಡುತ್ತಾರೆ. ಥೇಮ್ಸ್ ನದಿಗೆ ಹಾರುತ್ತಾನೆ, ಸತ್ತನೆಂದು ಎಲ್ಲರೂ ನಂಬುತ್ತಾರೆ. ಆಮೇಲೆ ವಿಮರ್ಶಕರು ಒಬ್ಬೊಬ್ಬರಾಗಿ ಶೇಕ್ಸ್‌ಪಿಯರ್ ನಾಟಕಗಳ ಸಾವುಗಳ ರೀತಿಯಲ್ಲೇ ಸಾಯತೊಡಗುತ್ತಾರೆ. ಕೊಲೆಗಾರ ಯಾರೆಂಬುದು ನಮಗೆ ಬೇಗ ತಿಳಿಯುತ್ತದೆ. ಮುಂದಿನ ಸಾವು ಯಾವ ನಾಟಕದ್ದು ಎಂಬುದಷ್ಟೇ ಕುತೂಹಲ. ಒಬ್ಬ ವೈನ್ ಪೀಪಾಯಿಯಲ್ಲಿ ಮುಳುಗುತ್ತಾನೆ. ಇನ್ನೊಬ್ಬ ತಿಂಡಿಪೋತನಿಗೆ ಅವನ ಮುದ್ದಿನ ನಾಯಿಗಳನ್ನೇ ಬೇಯಿಸಿ ತಿನ್ನಿಸಲಾಗುತ್ತದೆ. ‘ವೆನಿಸ್ಸಿನ ವರ್ತಕ’ದಲ್ಲಿ ಯಾರೂ ಸಾಯುವುದಿಲ್ಲವಲ್ಲ ಎಂದರೆ, ಲಯನ್‌ಹಾರ್ಟ್ ಶೇಕ್ಸ್‌ಪಿಯರನನ್ನೇ ತಿದ್ದಿ ಎದೆಯ ಮಾಂಸ ಕೀಳುತ್ತಾನೆ.

ಈ ರಕ್ತಪಾತಕ್ಕಿಂತ ನನ್ನನ್ನು ನಡುಗಿಸಿದ್ದು ಅವನ ಜ್ಞಾಪಕಶಕ್ತಿ. ಯಾರು ಯಾವ ನಾಟಕಕ್ಕೆ ಏನು ಬರೆದಿದ್ದರೆಂಬುದು ಅವನಿಗೆ ಬಾಯಿಪಾಠ. ಬರೆದವರು ಮರುದಿನವೇ ಮರೆಯುತ್ತೇವೆ, ಬರೆಸಿಕೊಂಡವರು ಮರೆಯುವುದಿಲ್ಲ. ನಾನೊಮ್ಮೆ ‘ಅಭಿನಯ ಸಾಧಾರಣ’ ಎಂದು ಬರೆದಿದ್ದ ಹವ್ಯಾಸಿ ನಟರೊಬ್ಬರು ಎಷ್ಟೋ ಕಾಲದ ಮೇಲೆ ಮದುವೆಮನೆಯಲ್ಲಿ ಬಡಿಸುತ್ತಿದ್ದರು. ಪಾಯಸದ ಸೌಟು ನನ್ನ ಎಲೆಯನ್ನು ದಾಟಿ ಹೋಯಿತು. ಲಯನ್‌ಹಾರ್ಟ್ ಮುಂದೆ ಅವರು ಸಾಧುಸಂತರೇ ಬಿಡಿ.

ಕೊಲೆಗಾರನ ಅಡಗುತಾಣವಾದ ಪಾಳು ರಂಗಮಂದಿರ ಸೆಟ್ ಅಲ್ಲ, ಲಂಡನ್ನಿನ ಪಟ್ನಿ ಹಿಪ್ಪೊಡ್ರೋಮ್. ಚಿತ್ರೀಕರಣದ ನಂತರ ಅದನ್ನು ಕೆಡವಿದರು. ಲಯನ್‌ಹಾರ್ಟ್ ಪಾತ್ರದ ವಿನ್ಸೆಂಟ್ ಪ್ರೈಸ್ ಅಮೆರಿಕದವರು. ಭಯಾನಕ ಚಿತ್ರಗಳಲ್ಲೇ ಹೆಸರು ಮಾಡಿದ ಅವರಿಗೆ ಇಲ್ಲಿ ಶೇಕ್ಸ್‌ಪಿಯರನ ಸ್ವಗತಗಳನ್ನು ಬಾಯ್ತುಂಬ ಆಡುವ ಅವಕಾಶ. ಅತಿಯಾಗಿ ನಟಿಸುವ ನಟನ ಪಾತ್ರವಾದ್ದರಿಂದ ಅತಿಯಾಯಿತೆಂದು ದೂರುವಂತೆಯೂ ಇಲ್ಲ. ನನ್ನ ಮಟ್ಟಿಗೆ ಇದು ಅವರ ಅತ್ಯುತ್ತಮ ಪಾತ್ರ.

ಚಿತ್ರದಲ್ಲಿ ಒಬ್ಬ ವಿಮರ್ಶಕಿಯೂ ಇದ್ದಾಳೆ. ಕೂದಲು ಸಿಂಗರಿಸಿಕೊಳ್ಳಲು ಹೋದವಳನ್ನು ಲಯನ್‌ಹಾರ್ಟ್ ಕ್ಷೌರಿಕನ ವೇಷದಲ್ಲಿ ಕರೆಂಟು ಹಾಯಿಸಿ ಸುಡುತ್ತಾನೆ; ‘ಆರನೆಯ ಹೆನ್ರಿ’ ನಾಟಕದ ಜೋನ್ ಆಫ್ ಆರ್ಕ್‌ಳ ಲೆಕ್ಕದಲ್ಲಿ. ಆ ಪಾತ್ರ ಮಾಡಿದ ಕೋರಲ್ ಬ್ರೌನ್ 1974ರಲ್ಲಿ ವಿನ್ಸೆಂಟ್ ಪ್ರೈಸ್ ಅವರನ್ನೇ ಮದುವೆಯಾದರು.