ಅಂಡಮಾನ್ ಬದಲು ಗಡ್ಡಿ

“ಅಂಡಮಾನ್ ತೋರಸ್ತೀನಿ ಅಂದಿದ್ರಿ” ಎಂದು ಹೆಂಡತಿ ನೆನಪಿಸಿದರೆ ಹೊಸಪೇಟೆಯ ಗಂಡ ಹೆದರುವುದಿಲ್ಲ. ಹಂಪಿಯ ಎದುರು ದಡಕ್ಕೆ ವಿರೂಪಾಪುರ ಗಡ್ಡಿ ಇದೆಯಲ್ಲ! ಸುತ್ತ ತುಂಗಭದ್ರೆ, ನಡುವೆ ಭತ್ತದ ಗದ್ದೆ, ಬಾಳೆ, ಬಂಡೆ. ವಿದೇಶಿಯರು ಇದನ್ನು ‘ಹಿಪ್ಪಿ ದ್ವೀಪ’ ಎಂದೇ ಕರೆದರು. ರೂಮು ಮಾತ್ರ ಕೇಳಬಾರದು. ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಲ್ಲೇ, 2020ರ ಮಾರ್ಚ್‌ನಲ್ಲಿ, ಅಲ್ಲಿನ ರೆಸಾರ್ಟುಗಳು ನೆಲಸಮವಾದವು.

ಸಾಹಸಕ್ಕೆ ಸಾಣಾಪುರ ಕೆರೆಯ ಹರಿಗೋಲು. ಅಂಬಿಗ ಗಿರಗಿರನೆ ತಿರುಗಿಸಿದಾಗ ಗಂಡ ಮನೆದೇವರನ್ನು ನೆನೆಯುತ್ತಾನೆ. ಹೆಂಡತಿ ಅದನ್ನೇ ವಿಡಿಯೊ ಮಾಡುತ್ತಾಳೆ.

ಮಳೆಗಾಲದಲ್ಲಿ ಈ ಉಪಾಯವೂ ನಡೆಯದು. ತುಂಗಭದ್ರಾ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಹಂಪಿಯಿಂದ ನದಿ ದಾಟಿಸುವ ದೋಣಿ ಬಂದ್, ಕಂಪ್ಲಿ ಸೇತುವೆಯೂ ಮುಳುಗಡೆ. “ಇರ್ಲಿ ತಗೊಳ್ರಿ, ಸಂಡೂರು ಗುಡ್ಡ ಹಸಿರಾಗ್ಯಾವಂತ” ಎನ್ನುವಷ್ಟರಲ್ಲಿ ಅವಳ ಚೀಲ ತಯಾರು.