ಬೈ ಅಂಡ್ ಲಾರ್ಜ್ ಶಾಂತಿಯುತ

‘ಬೈ ಅಂಡ್ ಲಾರ್ಜ್’ ಅನ್ನೋದೊಂದು ಇಲ್ಲದಿದ್ದರೆ ಇಂಗ್ಲಿಷ್ ಪೇಪರುಗಳಲ್ಲಿ ಒಂದು ಬಂದ್ ಕೂಡ ಶಾಂತಿಯುತವಾಗಿ ಮುಗಿಯುತ್ತಿರಲಿಲ್ಲ. ನಾಲ್ಕು ಬಸ್ಸಿನ ಗಾಜು ಪುಡಿಯಾಗಿರುತ್ತೆ, ಸರ್ಕಲ್ಲಿನಲ್ಲಿ ಟೈರು ಇನ್ನೂ ಹೊಗೆಯಾಡುತ್ತಿರುತ್ತೆ. ಬೆಳಿಗ್ಗೆ ನೋಡಿದರೆ ‘ಬೈ ಅಂಡ್ ಲಾರ್ಜ್ ಪೀಸ್‌ಫುಲ್’. ಕನ್ನಡದವರೂ ಬಿಟ್ಟಿಲ್ಲ, ‘ಬಹುತೇಕ ಶಾಂತಿಯುತ’ ಅಂತ ಹಾಕುತ್ತಾರೆ. ತಲೆ ಒಡೆಸಿಕೊಂಡವನು ಆ ಬಹುತೇಕದಲ್ಲಿ ಸೇರಲಿಲ್ಲ, ಪಾಪ.

ಮೊನ್ನೆ ಬೇಲಿಯಾಚೆಯಿಂದ ರಾಯರು, ನಮ್ಮ ದಾಸವಾಳ ಕೀಳುತ್ತಲೇ (ಕೊಂಬೆ ಅವರ ಕಡೆ ಬಾಗಿದೆಯಂತೆ), ಕೇಳಿದರು: “ಅಲ್ಲ ಮೇಷ್ಟ್ರೇ, ಲಾರ್ಜ್ ಅಂದ್ರೆ ದೊಡ್ಡದು, ಸರಿ. ಈ ಬೈ ಎಲ್ಲಿಂದ ಬಂತು?”

ದೊಡ್ಡದೂ ಅಲ್ಲ ರಾಯರೇ, ಅದು ಹಡಗಿನವರ ಮಾತು ಅಂದೆ. ಗಾಳಿ ಎದುರಿಗಿದ್ದರೆ ಹಾಯಿಹಡಗು ನೇರ ಅದರ ಬಾಯಿಗೆ ನುಗ್ಗೋ ಹಾಗಿಲ್ಲ. ಆದಷ್ಟೂ ಗಾಳಿಯನ್ನು ಒತ್ತಿಕೊಂಡು ಓರೆಯಾಗಿ ಹೋಗಬೇಕು, ಅದು ‘ಬೈ’. ಗಾಳಿ ಹಿಂದಿನಿಂದ ತಳ್ಳುತ್ತಿದ್ದರೆ ಹಾಯಿ ಬಿಟ್ಟುಕೊಂಡು ಆರಾಮಾಗಿ ಹೋಗಬಹುದು, ಅದು ‘ಲಾರ್ಜ್’. ಪರದಾಟವೆಲ್ಲ ಮೊದಲನೆಯದರಲ್ಲೇ. ಚೌಕ ಹಾಯಿಯ ಆ ಹಡಗುಗಳು ಗಾಳಿಯ ದಿಕ್ಕಿಗೆ ಸುಮಾರು 67 ಡಿಗ್ರಿಗಿಂತ ಹತ್ತಿರ ಹೋಗಲಾರವು. ಚುಕ್ಕಾಣಿಯವನು ಇನ್ನೊಂಚೂರು ಜಾಸ್ತಿ ತಿರುಗಿಸಿದನೋ, ಗಾಳಿ ಹಾಯಿಯ ಮುಂದಿನಿಂದ ಬಡಿದು ಅದನ್ನು ಹಾಯಿಕಂಬಕ್ಕೆ ಒತ್ತಿಬಿಡುತ್ತೆ, ಹಡಗು ಗಕ್ಕನೆ ನಿಲ್ಲುತ್ತೆ. ದಂಗಾದವನನ್ನು ‘ಟೇಕನ್ ಅಬ್ಯಾಕ್’ ಅನ್ನೋದೂ ಅಲ್ಲಿಂದಲೇ ಬಂದದ್ದು.

ಎದುರುಗಾಳಿಗೂ ಸೈ, ಹಿಂಗಾಳಿಗೂ ಸೈ ಅನ್ನಿಸಿಕೊಂಡ ಹಡಗಿಗೆ ಸಿಗುತ್ತಿದ್ದ ಮಾತು ‘ಬೈ ಅಂಡ್ ಲಾರ್ಜ್’. 1669ರಲ್ಲಿ ಕ್ಯಾಪ್ಟನ್ ಸ್ಯಾಮ್ಯುಯೆಲ್ ಸ್ಟರ್ಮಿ ನಾವಿಕರಿಗೆಂದು ಬರೆದ ‘ಮ್ಯಾರಿನರ್ಸ್ ಮ್ಯಾಗಜೀನ್’ ಪುಸ್ತಕದಲ್ಲೇ ಈ ಜೋಡಿ ಇದೆ. ಅದರಲ್ಲಿ ರಿಯಾಯಿತಿಯ ಮಾತೇ ಇರಲಿಲ್ಲ. ದಡ ಹತ್ತಿದ ಮೇಲೆ ಕೆಟ್ಟಿತು ನೋಡಿ: ಎಲ್ಲ ಗಾಳಿಗೂ ಅಂತ ಇದ್ದದ್ದು ಎಲ್ಲ ಸಂದರ್ಭಕ್ಕೂ ಅಂತಾಯಿತು, ಅದೂ ಸವೆದು ಸುಮಾರಾಗಿ ಅಂತಾಯಿತು. ಈಗಂತೂ ಕೆಲವರು ‘ಬೈ ಇನ್ ಲಾರ್ಜ್’ ಅಂತಲೂ ಬರೆಯುತ್ತಾರೆ, ಹೋಗಲಿ.

“ನಮ್ಮ ಹೆಚ್ಚುಕಡಿಮೆ ಇದ್ದ ಹಾಗೆ ಅನ್ನಿ” ಅಂದರು ರಾಯರು.

ಇದ್ದ ಹಾಗೇ, ಆದರೆ ನಮ್ಮದಕ್ಕೆ ನಿಯತ್ತು ಜಾಸ್ತಿ. ಹೆಚ್ಚುಕಡಿಮೆ ಎಲ್ಲರೂ ಬಂದಿದ್ದರು ಅಂತಲೂ ಅನ್ನಬಹುದು, ಮೆರವಣಿಗೆಯಲ್ಲಿ ಏನಾದರೂ ಹೆಚ್ಚುಕಡಿಮೆ ಆಯ್ತಾ ಅಂತಲೂ ಕೇಳಬಹುದು. ಬಿದ್ದ ಕಲ್ಲಿನ ಲೆಕ್ಕವನ್ನೂ ಅದೇ ಕೇಳುತ್ತೆ. ಇಂಗ್ಲಿಷಿನದು ಕೇಳೋದಿಲ್ಲ, ಕಂಬಳಿ ಹೊದಿಸಿ ಮಲಗಿಸುತ್ತೆ.

ರಾಯರು ಹೂವಿನ ಬುಟ್ಟಿ ಕೆಳಗಿಟ್ಟರು. “ಒಳ್ಳೇ ಫಜೀತಿ ಆಯ್ತಲ್ಲ. ಭಾನುವಾರದ ಸಂಘದ ಮೀಟಿಂಗಿಗೆ ಲೆಕ್ಕ ಬೈ ಅಂಡ್ ಲಾರ್ಜ್ ಸರಿಯಾಗಿದೆ ಅಂತ ಬರೆದುಬಿಟ್ಟಿದ್ದೀನಿ.”

“ಹೆಚ್ಚೋ, ಕಡಿಮೆಯೋ?”

“ಗಣೇಶನ ಪೆಂಡಾಲಿನದು. ಎಂಟುನೂರು ಕಡಿಮೆ.”