ಗಾಡಿ ಎಡಕ್ಕೆ ಎಳೆಯುತ್ತದೆ, ಯಜಮಾನರಿಗೆ ಒಗ್ಗಿದೆ

ಮಲೆನಾಡಿನ ಒಂದು ಪೇಟೆ, ಬಸ್‌ಸ್ಟ್ಯಾಂಡಿನ ಹಿಂದಿನ ಗ್ಯಾರೇಜು. ಹಲಸಿನ ಮರದಡಿ ಮುಂದಿನ ಬಲಚಕ್ರಕ್ಕೆ ಜಾಕ್ ಕೊಡಿಸಿಕೊಂಡು ನಿಂತಿದ್ದ 2001ರ ಮಾಡೆಲ್ ಓಮ್ನಿ ಸಂದರ್ಶನಕ್ಕೆ ಒಪ್ಪಿಕೊಂಡಿತು. ಒಂದೇ ಷರತ್ತು: ಸಿನಿಮಾದಲ್ಲಿ ನಾಯಕಿಯನ್ನು ಎತ್ತಿ ಹಾಕಿಕೊಂಡು ಹೋಗುವ ವಿಚಾರ ಎತ್ತಬಾರದು. "ಜಾರುಬಾಗಿಲು ಇದ್ದದ್ದೇ ನಮ್ಮ ತಪ್ಪಾಯ್ತು" ಎಂದು ಗೊಣಗಿ, ತಾನಾಗಿಯೇ ಆ ವಿಚಾರ ಎತ್ತಿತು. ಮೆಕ್ಯಾನಿಕ್ ಸ್ಪೇರ್ ಹುಡುಕಲು ಹೋಗಿದ್ದ. ಯಜಮಾನರು ಎದುರಿನ ಹೋಟೆಲಿನಲ್ಲಿ ಕಾಫಿಗೆ ಕೂತಿದ್ದರು.

ಪ್ರಶ್ನೆ: ಮೊದಲು ನಿಮ್ಮ ಪರಿಚಯ ಹೇಳಿ.

ಓಮ್ನಿ: ನಮ್ಮ ವಂಶ ಶುರುವಾದದ್ದು 1984ರಲ್ಲಿ. ಆಗ ಬರೀ ಮಾರುತಿ ವ್ಯಾನ್. ಓಮ್ನಿ ಅಂತ ನಾಮಕರಣ ಆದದ್ದು 1988ರಲ್ಲಿ. 2019ಕ್ಕೆ ವಂಶ ನಿಂತಿತು. ಡಿಕ್ಕಿ ಪರೀಕ್ಷೆಯ ಹೊಸ ನಿಯಮ ಬಂತು, ನನ್ನ ಮುಖ ನೋಡಿದ್ರೆ ಗೊತ್ತಾಗ್ತದಲ್ಲ, ಮುಂದೆ ಮೂಗೇ ಇಲ್ಲ. ಎಂತಕ್ಕಾದ್ರೂ ಗುದ್ದಿದ್ರೆ ಮೊದಲು ತಾಗೋದು ಡ್ರೈವರನ ಮೊಣಕಾಲು. 796 ಸಿಸಿ, ಮೂರು ಸಿಲಿಂಡರ್, ಇಂಜಿನ್ನು ಮುಂದಿನ ಸೀಟಿನಡಿ. ಅದಕ್ಕೇ ಬೇಸಿಗೆಯಲ್ಲಿ ನನ್ನಲ್ಲಿ ಕೂತವರು ಬೇಗ ಬೇಗ ಮಾತು ಮುಗಿಸ್ತಾರೆ.

ಪ್ರಶ್ನೆ: ಈಗಿನದು ಎಷ್ಟನೇ ಯಜಮಾನರು?

ಓಮ್ನಿ: ನಾಲ್ಕನೆಯವರು. ಮೊದಲು ಡಾಕ್ಟ್ರು. ಆಮೇಲೆ ಶಾಲೆ ಮಕ್ಕಳನ್ನು ಹೊರುವ ಕೆಲಸ. ಬೋರ್ಡು ಬಿಳಿ, ಬಾಡಿಗೆ ಮಾತ್ರ ಹಳದಿ. ಮೂರನೆಯವರು ಅಡಿಕೆ ವ್ಯಾಪಾರಿ. ಈಗಿನವರು ಅಡುಗೆ ಕಂಟ್ರಾಕ್ಟು. ಮದುವೆ, ಉಪನಯನ, ವೈಕುಂಠ ಸಮಾರಾಧನೆ ಎಲ್ಲ.

ಪ್ರಶ್ನೆ: ಇಲ್ಲಿಗೆ ಯಾವ ದೂರಿನ ಮೇಲೆ ಬಂದಿರಿ?

ಓಮ್ನಿ: ಸ್ಟೇರಿಂಗು. ಆದ್ರೆ ದೂರು ಕೊಟ್ಟದ್ದು ಯಜಮಾನ್ರಲ್ಲ, ಅವರ ಭಾವಮೈದ. ಒಂದು ದಿನ ಸಾಮಾನು ತರೋಕೆ ನನ್ನನ್ನು ತಗೊಂಡು ಹೋದ ಹುಡುಗ, ಸೊಸೈಟಿ ತಿರುವಿನಲ್ಲೇ ಬೆವೆತುಹೋದ. ವಾಪಸ್ ಬಂದು ಕೀ ಮೇಜಿನ ಮೇಲಿಟ್ಟು, "ಭಾವಾ, ಸ್ಟೇರಿಂಗ್ ತಿರುಗಿಸಿದ್ರೆ ನಿಮ್ಮ ಗಾಡಿ ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗ್ತದೆ" ಅಂದ. ಯಜಮಾನ್ರು ನಕ್ಕರು. "ನಂಗೆ ಒಗ್ಗಿದೆ ಮಾರಾಯ. ನನ್ನ ಗಾಡಿ ಬೇರೆಯವರ ಕೈಗೆ ಬಗ್ಗೋದಿಲ್ಲ" ಅಂದ್ರು. ಆ ಮಾತಿನಲ್ಲಿ ಹೆಮ್ಮೆ ಇತ್ತು, ಗಮನಿಸಿ. ನನ್ನ ಕಾಯಿಲೆಯನ್ನು ಅವರು ತಮ್ಮ ವಿದ್ಯೆ ಅಂತ ಲೆಕ್ಕ ಹಾಕಿದ್ದಾರೆ.

ಪ್ರಶ್ನೆ: ಸ್ಟೀರಿಂಗಿನ ಪ್ಲೇ, ಅಂದರೆ ಖಾಲಿ ತಿರುಗುವ ಸಡಿಲ, ಎಷ್ಟಿದೆ?

ಓಮ್ನಿ: ಹೊಸತಿದ್ದಾಗಲೂ ಒಂದು ಬೆರಳಿನಷ್ಟು ಇರ್ತದೆ, ಅದು ಧರ್ಮ. ಈಗ ನಾಲ್ಕು ಬೆರಳು. ಚಕ್ರ ಎಚ್ಚರ ಆಗೋದು ಐದನೇ ಬೆರಳಿಗೆ.

ಪ್ರಶ್ನೆ: ಇದಕ್ಕೆ ಯಾರು ಕಾರಣ?

ಓಮ್ನಿ: ಅದೇ ಮಾರಾಯ್ರೆ ತಮಾಷೆ. ನನ್ನದು ರ‍್ಯಾಕ್ ಆಂಡ್ ಪಿನಿಯನ್. ನಿಮ್ಮ ಕೈಯಿಂದ ಚಕ್ರದವರೆಗೆ ಒಂದು ಸಾಲಿದೆ: ಕಾಲಮ್ಮು, ಅದರ ಕೆಳಗೆ ಜಾಯಿಂಟು, ಪಿನಿಯನ್ನು, ಹಲ್ಲಿರುವ ಉದ್ದದ ರ‍್ಯಾಕು, ಅದರ ಎರಡು ತುದಿಗೆ ಟೈರಾಡು, ಟೈರಾಡಿನ ಎಂಡು, ಕೊನೆಗೆ ಚಕ್ರ ಕಟ್ಟಿದ ನಕ್ಕಲ್ಲು. ಒಬ್ಬೊಬ್ಬರನ್ನೇ ಕರೆದು ಕೇಳಿ. "ನಂದೆಂತ, ಅರ್ಧ ಮಿಲ್ಲಿ" ಅಂತದೆ ಜಾಯಿಂಟು. "ನಂದೂ ಅಷ್ಟೇ, ಅದೂ ವಯಸ್ಸಿಗೆ ಸಹಜ" ಅಂತದೆ ರ‍್ಯಾಕು. ಟೈರಾಡ್ ಎಂಡು ಮೌನ. ಅದರ ರಬ್ಬರ್ ಟೋಪಿ ಹರಿದು ಎರಡು ಮಳೆಗಾಲ ಆಯ್ತು, ಒಳಗಿದ್ದ ಗ್ರೀಸು ತೊಳೆದುಹೋಗಿ ಕೆಸರು ಕೂತಿದೆ. ಎಲ್ಲರ ಅರ್ಧ ಅರ್ಧ ಮಿಲ್ಲಿ ಕೂಡಿಸಿಕೊಂಡು ಮೇಲೆ ಬಂದಾಗ ಯಜಮಾನ್ರ ಕೈಯಲ್ಲಿ ನಾಲ್ಕು ಬೆರಳು. ತಪ್ಪಿತಸ್ಥರು ಅಂತ ಒಬ್ಬರೂ ಸಿಗೋದಿಲ್ಲ.

ಪ್ರಶ್ನೆ: ರ‍್ಯಾಕ್ ಟೈಟ್ ಮಾಡಿಸಬಹುದಿತ್ತಲ್ಲ?

ಓಮ್ನಿ: ಮಾಡಿಸಿದ್ರು! ಡಾಕ್ಟ್ರ ನಂತರದವರ ಕಾಲದಲ್ಲಿ. ಕೇಳಿ, ಇದು ಸ್ವಲ್ಪ ಗಮನ ಕೊಟ್ಟು ಕೇಳಬೇಕಾದ್ದು. ಗಾಡಿ ದಿನದ ಬಹುಪಾಲು ನೇರ ಹೋಗ್ತದೆ. ಹಾಗಾಗಿ ರ‍್ಯಾಕಿನ ನಡುವಿನ ಹಲ್ಲುಗಳೇ ಮೊದಲು ಸವೆಯೋದು; ಎರಡು ತುದಿಯ ಹಲ್ಲು ಶೋರೂಮಿನಿಂದ ಬಂದ ಹಾಗೇ ಇರ್ತದೆ. ಈಗ ನಡುವಿನ ಸಡಿಲ ಹೋಗಲಿ ಅಂತ ನೀವು ಸ್ಕ್ರೂ ಬಿಗಿದ್ರಿ ಅಂತಿಟ್ಟುಕೊಳ್ಳಿ. ನಡುವೆ ಸರಿಹೋಗ್ತದೆ. ಪೂರ್ತಿ ಕಟ್ ಹೊಡೆದಾಗ ಸವೆಯದ ಹಲ್ಲಿಗೆ ಬಂದು ಕಚ್ಚಿಕೊಳ್ತದೆ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರೋದಿಲ್ಲ. ಗಾಡಿ ಗದ್ದೆ ಕಡೆ ಹೊರಟಿರ್ತದೆ, ಡ್ರೈವರು ಕೈ ಬಿಟ್ಟು ಬೀಡಿ ಹಚ್ತಾ ಇರ್ತಾನೆ. ನಾಲ್ಕು ದಿನಕ್ಕೆ ಮತ್ತೆ ಸಡಿಲ ಮಾಡಿಸಿಕೊಂಡು ಹೋದ. ಸವೆದ ರ‍್ಯಾಕು ಬದಲಾಯಿಸೋದೇ ದಾರಿ. ಆದ್ರೆ ಸ್ಕ್ರೂಡ್ರೈವರಿನಲ್ಲಿ ಆಗುವ ಕೆಲಸಕ್ಕೆ ಸಿಗುವ ಮರ್ಯಾದೆ ಹೊಸ ಸ್ಪೇರಿಗೆ ಎಲ್ಲಿ?

ಪ್ರಶ್ನೆ: ಯಾವುದು ಹೋಗಿದೆ ಎಂದು ಮೆಕ್ಯಾನಿಕ್ ಹೇಗೆ ಕಂಡುಹಿಡಿಯುತ್ತಾನೆ?

ಓಮ್ನಿ: ಈಗ ಜಾಕ್ ಕೊಟ್ಟಿದ್ದಾನಲ್ಲ, ಹೀಗೇ ಚಕ್ರ ಎತ್ತಿ. ಚಕ್ರವನ್ನು ಗಡಿಯಾರ ಅಂದುಕೊಳ್ಳಿ. ಮೂರಕ್ಕೆ ಒಂದು ಕೈ, ಒಂಬತ್ತಕ್ಕೆ ಒಂದು ಕೈ ಹಿಡಿದು ಅಲ್ಲಾಡಿಸಿದ್ರೆ ಟಕಟಕ ಅಂದ್ರೆ ಟೈರಾಡ್ ಕಡೆ ಅನುಮಾನ. ಹನ್ನೆರಡು, ಆರಕ್ಕೆ ಹಿಡಿದಾಗ ಅಲ್ಲಾಡಿದ್ರೆ ಬಾಲ್ ಜಾಯಿಂಟೋ ಬೇರಿಂಗೋ. ಐದು ನಿಮಿಷದ ಕೆಲಸ. ನಮ್ಮ ಯಜಮಾನ್ರು ಇಷ್ಟು ವರ್ಷ ಟೈರಿಗೆ ಕಾಲಲ್ಲಿ ಒದ್ದು ಪರೀಕ್ಷೆ ಮಾಡ್ತಿದ್ರು. ಒದ್ದು ಎಂತ ತಿಳ್ಕೊಂಡ್ರೋ ಅವರಿಗೇ ಗೊತ್ತು.

ಪ್ರಶ್ನೆ: ಎಡಕ್ಕೆ ಎಳೆಯುತ್ತೀರಂತೆ?

ಓಮ್ನಿ: ಹೌದು. ರಾಜಕೀಯ ಏನಿಲ್ಲ. ಟೈರಿನಲ್ಲಿ ಗಾಳಿ ಒಂದು ಕಡೆ ಕಮ್ಮಿ ಇದ್ರೂ ಎಳೀತದೆ, ಬ್ರೇಕು ಹಿಡಿದುಕೊಂಡಿದ್ರೂ ಎಳೀತದೆ, ಅಲೈನ್‌ಮೆಂಟ್ ತಪ್ಪಿದ್ರೂ ಎಳೀತದೆ. ಮಳೆನೀರು ಹರಿದುಹೋಗಲಿ ಅಂತ ರಸ್ತೆಯನ್ನೇ ಅಂಚಿಗೆ ವಾಲಿಸಿ ಮಾಡಿರ್ತಾರಲ್ಲ, ಹಾಗಾಗಿ ಎಡಗಡೆ ಓಡಿಸುವ ದೇಶದಲ್ಲಿ ಒಳ್ಳೆ ಗಾಡಿಗೂ ಎಡದ ಕಡೆ ಸ್ವಲ್ಪ ಒಲವು ಸಹಜ. ಆದ್ರೆ ನಂದು ಒಲವಲ್ಲ, ಹಟ. ಮುಂದಿನ ಎರಡು ಟೈರು ಅದಲುಬದಲು ಮಾಡಿ ನೋಡಬೇಕು. ಎಳೆತ ಬಲಕ್ಕೆ ತಿರುಗಿದ್ರೆ ಟೈರಿನ ದೋಷ, ಇಲ್ಲದಿದ್ರೆ ನನ್ನದು. ಯಜಮಾನ್ರು ಮಾಡಿದ್ದೆಂತ ಗೊತ್ತಾ? ಸ್ಟೇರಿಂಗನ್ನು ಸದಾ ಸ್ವಲ್ಪ ಬಲಕ್ಕೆ ಹಿಡಿದು ಓಡಿಸೋದು ಕಲಿತರು. ಸ್ಟೇರಿಂಗಿನ ನಡುವಿನ ಗುರುತು ಈಗ ಗಡಿಯಾರದ ಒಂದು ಗಂಟೆ ತೋರಿಸ್ತದೆ. ನೇರ ಹೋಗುವಾಗ!

ಪ್ರಶ್ನೆ: ವೇಗದಲ್ಲಿ ನಡುಕ?

ಓಮ್ನಿ: ಅರವತ್ತಕ್ಕೆ ಶುರು, ಎಪ್ಪತ್ತು ದಾಟಿದ್ರೆ ಕಮ್ಮಿ. ವೀಲ್ ಬ್ಯಾಲೆನ್ಸಿಂಗ್ ತಪ್ಪಿದ್ರೆ, ರಿಮ್ಮು ಬಗ್ಗಿದ್ರೆ ಹೀಗೇ ಒಂದು ವೇಗಕ್ಕೆ ಬಂದಾಗ ಕಾಣಿಸಿಕೊಳ್ತದೆ. ರಿಮ್ಮು ಬಗ್ಗಿದ್ದು ಯಾವ ಗುಂಡಿಯಲ್ಲಿ ಅಂತ ನಾನು ಹೇಳೋದಿಲ್ಲ, ನಂದು 12 ಇಂಚಿನ ಚಕ್ರ, ನಮ್ಮೂರಿನ ಗುಂಡಿಗಳಲ್ಲಿ ಅದಕ್ಕಿಂತ ಚಿಕ್ಕದು ಇಲ್ಲ. ಬ್ಯಾಲೆನ್ಸಿಂಗಿಗೆ ಖರ್ಚು ಯಾಕೆ ಅಂತ ಯಜಮಾನ್ರು ಒಂದು ಪರಿಹಾರ ಕಂಡುಕೊಂಡ್ರು. ಅರವತ್ತಕ್ಕೆ ನಡುಗ್ತದಾ? ಎಂಬತ್ತಕ್ಕೆ ಒಯ್ಯೋದು!

ಪ್ರಶ್ನೆ: ಭಯ ಆಗುವುದಿಲ್ಲವೇ?

ಓಮ್ನಿ: ಯಾರಿಗೆ? ಅವರಿಗಾ?

ಪ್ರಶ್ನೆ: ಅಡುಗೆ ಸಾಮಾನಿನ ಭಾರಕ್ಕೂ ಸ್ಟೀರಿಂಗಿಗೂ ಸಂಬಂಧ ಇದೆಯೇ?

ಓಮ್ನಿ: ಖಾಲಿ ಇದ್ದಾಗ ನಾನು 800 ಕಿಲೋ ಒಳಗೆ. ಹಿಂದೆ ಒಲೆ, ಕೊಳದಪ್ಪಲೆ, ತುಂಬಿದ ಸಿಲಿಂಡರು, ಅಕ್ಕಿಮೂಟೆ, ಅದರ ಮೇಲೆ ಮೂವರು ಅಡುಗೆಯವರು. ಹಿಂಭಾಗ ಕೂತಾಗ ಮುಂದಿನ ಚಕ್ರಕ್ಕೆ ನೆಲದ ಮೇಲೆ ಹಿಡಿತ ಕಮ್ಮಿ. ಸ್ಟೇರಿಂಗ್ ಹಗುರ ಆಗ್ತದೆ, ಗಾಡಿ ಅತ್ತಿತ್ತ ತೇಲ್ತದೆ. ಯಜಮಾನ್ರು ಮಾತ್ರ ಅದನ್ನೇ ಹೊಗಳೋದು. "ಪವರ್ ಸ್ಟೇರಿಂಗ್ ಬೇಡ ಮಾರಾಯ, ಲೋಡ್ ಇದ್ದಾಗ ಒಂದೇ ಬೆರಳಲ್ಲಿ ತಿರುಗ್ತದೆ!"

(ಪಕ್ಕದಲ್ಲಿ ನಿಂತಿದ್ದ ದೊಡ್ಡ ಏಳು ಸೀಟಿನ ಬಿಳಿ ಗಾಡಿ ಇಲ್ಲಿ ಗಂಟಲು ಸರಿಮಾಡಿಕೊಂಡಿತು. ಅದಕ್ಕೆ ಪವರ್ ಸ್ಟೀರಿಂಗ್ ಇದೆ. ಕೆಳಗೆ ಎಣ್ಣೆಯ ಕಲೆಯೂ ಇದೆ. ಪೂರ್ತಿ ಕಟ್ ಹೊಡೆದಾಗ ಪಂಪು ನರಳುತ್ತದೆ, ಬೆಲ್ಟು ಕಿರುಚುತ್ತದೆ, ಎಣ್ಣೆ ಕಮ್ಮಿಯಾದಾಗಲೆಲ್ಲ ಇನ್ನಷ್ಟು ಸುರಿಯುತ್ತಾರೆ, ಸೋರುವ ಸೀಲು ಹಾಗೇ ಇದೆಯಂತೆ. ಅದಕ್ಕೆ ಪ್ರತ್ಯೇಕ ಸಂದರ್ಶನ ಬೇಕಂತೆ. ನೋಡೋಣ ಎಂದೆ.)

ಪ್ರಶ್ನೆ: ಆಗುಂಬೆ ಘಾಟಿ ಇಳಿದದ್ದುಂಟೇ?

ಓಮ್ನಿ: ಸೀಸನ್ನಿನಲ್ಲಿ ಪ್ರತೀ ವಾರ. ಕರಾವಳಿ ಕಡೆ ಮದುವೆಗಳು. ಹದಿನಾಲ್ಕು ಹೇರ್‌ಪಿನ್ ತಿರುವು. ತಿರುವು ಬಂದ ಮೇಲೆ ತಿರುಗಿಸಿದ್ರೆ ನಾಲ್ಕು ಬೆರಳು ಖಾಲಿ ಹೋಗ್ತದಲ್ಲ, ಅದಕ್ಕೆ ಯಜಮಾನ್ರು ತಿರುವು ಕಾಣುವ ಮೊದಲೇ ತಿರುಗಿಸೋಕೆ ಶುರು ಮಾಡ್ತಾರೆ. ಪಕ್ಕದಲ್ಲಿ ಕೂತ ಅಡುಗೆಯವರು, "ಅಣ್ಣಂಗೆ ರಸ್ತೆ ಬಾಯಿಪಾಠ" ಅಂತ ಮೆಚ್ಚಿಕೊಳ್ತಾರೆ. ಎದುರಿಂದ ಬಸ್ಸು ಬಂದು ಸರಕ್ಕಂತ ಈಚೆ ತಗೋಬೇಕಾದಾಗ ಬಾಯಿಪಾಠ ಎಂತಕ್ಕೆ ಬರ್ತದೆ? ಹೋದ ಮಾರ್ಗಶಿರದಲ್ಲಿ ಹಾಗಾಯ್ತು. ಎರಡು ಸೌಟು ಕಣಿವೆಗೆ ಹೋಯ್ತು, ಉಳಿದವರೆಲ್ಲ ಉಳಿದ್ರು.

ಪ್ರಶ್ನೆ: ರಿಪೇರಿಯೇ ಮಾಡಿಸಿಲ್ಲ ಎನ್ನುವಂತಿಲ್ಲವಲ್ಲ?

ಓಮ್ನಿ: ಮಾಡಿಸಿದ್ದಾರೆ. ಒಂದು ಸಲ ಬಲಗಡೆ ಟೈರಾಡ್ ಎಂಡ್ ಹೊಸದು ಹಾಕಿಸಿದ್ರು, ದಾರಿಬದಿಯ ಒಂದು ಶೆಡ್ಡಿನಲ್ಲಿ. ಎಂಡ್ ಬದಲಾಯಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ರೆ ಚಕ್ರಗಳು ಒಂದಕ್ಕೊಂದು ಮುಖ ಕೊಡದೆ ಓಡ್ತವೆ, ಟೈರಿನ ಅಂಚು ತುರಿಮಣೆಗೆ ಕೊಟ್ಟ ಹಾಗೆ ಸವೀತದೆ. "ಅಲೈನ್‌ಮೆಂಟ್ ಮುಂದಿನ ತಿಂಗಳು ನೋಡುವಾ" ಅಂದ್ರು. ಆ ಮುಂದಿನ ತಿಂಗಳು ಇನ್ನೂ ಮುಂದೇ ಇದೆ. ಇನ್ನೊಂದು ವಿಷಯ. ಎಂಡಿನ ನಟ್ಟು ಬಿಚ್ಚಿಹೋಗದಿರಲಿ ಅಂತ ಒಂದು ಸ್ಪ್ಲಿಟ್ ಪಿನ್ ಹಾಕ್ತಾರೆ, ಚಿಲ್ಲರೆ ಕಾಸಿನ ಸಾಮಾನು. ಆ ದಿನ ಅದು ಸಿಗಲಿಲ್ಲ. ಒಂದು ಮೊಳೆ ತೂರಿಸಿ ಬಗ್ಗಿಸಿದ್ರು. ನಿಮ್ಮ ಮದುವೆಮನೆಯ ಊಟ ಎರಡು ಸೀಸನ್ನು ಆ ಮೊಳೆಯ ಮೇಲೆ ಬಂದಿದೆ.

ಪ್ರಶ್ನೆ: ಸರ್ಕಾರದ ತಪಾಸಣೆ ಇರುತ್ತದಲ್ಲ?

ಓಮ್ನಿ: ಹದಿನೈದು ವರ್ಷ ಆದಮೇಲೆ ಆರ್‌ಸಿ ನವೀಕರಣ, ಆಮೇಲೆ ಐದೈದು ವರ್ಷಕ್ಕೊಮ್ಮೆ. 2016ರಲ್ಲಿ ಒಂದು ಸಲ, 2021ರಲ್ಲಿ ಇನ್ನೊಂದು ಸಲ ಹೋಗಿ ನಿಂತೆ. ಹಾರ್ನ್ ಹೊಡೆಸಿ ನೋಡಿದ್ರು. ಲೈಟು ನೋಡಿದ್ರು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತೀಡಿ ಅಚ್ಚು ತೆಗೆದ್ರು. ನಾನು ನಾನೇ ಹೌದು ಅಂತ ಸಾಬೀತಾಯ್ತು. ಅಂಗಳಕ್ಕೆ ಓಡಿಸಿಕೊಂಡು ಬಂದದ್ದು ಯಜಮಾನ್ರು, ಹೊರಗೆ ಓಡಿಸಿಕೊಂಡು ಹೋದದ್ದೂ ಅವರೇ. ಒಗ್ಗಿದ ಕೈಯಲ್ಲಿ ನಾನು ಎಷ್ಟು ಚೆಂದ ಹೋಗ್ತೇನೆ ಅಂದ್ರೆ ನನಗೇ ನನ್ನ ಮೇಲೆ ನಂಬಿಕೆ ಬಂತು.

ಪ್ರಶ್ನೆ: ಆಯುಧಪೂಜೆಗೆ?

ಓಮ್ನಿ: ಚಂಡುಹೂವಿನ ಹಾರ, ಬಾಳೆಕಂದು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಒಂದು ಬೂದುಗುಂಬಳ. ನಿಂಬೆಹಣ್ಣಿನ ಮೇಲೆ ಹತ್ತಿ ಇಳಿಯುವಾಗ ಎಡ ಮುಂದಿನ ಚಕ್ರ ಗುರಿ ತಪ್ಪಿತು, ಹಣ್ಣು ಹಾಗೇ ಉಳಿಯಿತು. ಅಪಶಕುನ ಅಂತ ಪುರೋಹಿತರು ಇನ್ನೊಂದು ಹಣ್ಣು ಇಡಿಸಿದ್ರು. ಗುರಿ ಯಾಕೆ ತಪ್ಪಿತು ಅಂತ ಯಾರೂ ಬಗ್ಗಿ ನೋಡಲಿಲ್ಲ.

ಪ್ರಶ್ನೆ: ಹಾಗಾದರೆ ಈಗ ಯಾಕೆ ಇದ್ದಕ್ಕಿದ್ದಂತೆ ಗ್ಯಾರೇಜಿಗೆ ತಂದರು? ಭಾವಮೈದನ ಮಾತು ಕೇಳಿಯೇ?

ಓಮ್ನಿ: ಛೆ! ಮಾರೋಕೆ. ಮೆಕ್ಯಾನಿಕ್ ಹೋಗಿರೋದು ಟೈರಾಡಿಗೆ ಅಂದುಕೊಂಡ್ರಾ? ಸ್ಟೇರಿಂಗ್ ಕವರಿಗೆ. ದಪ್ಪದ್ದು, ಕೆಂಪು ಹೊಲಿಗೆಯದ್ದು. ದಪ್ಪ ಕವರು ಹಾಕಿದ್ರೆ ನಡುಕ ಕೈಗೆ ಕಮ್ಮಿ ತಿಳೀತದಂತೆ. ಜಾಕ್ ಕೊಟ್ಟದ್ದು ಮೊಳೆ ತೆಗೆದು ಪಿನ್ ಹಾಕೋಕೆ. ಅದು ಮೆಕ್ಯಾನಿಕ್ಕಿನ ಸ್ವಂತ ಧರ್ಮ, ಬಿಲ್ಲಿನಲ್ಲಿ ಬರೋದಿಲ್ಲ.

ಪ್ರಶ್ನೆ: ಜಾಹೀರಾತು ಕೊಟ್ಟಿದ್ದಾರೆಯೇ?

ಓಮ್ನಿ: "ಡಾಕ್ಟರ್ ಗಾಡಿ, ಮನೆ ಬಳಕೆ, ಸ್ಟೇರಿಂಗ್ ಸೂಪರ್." ನಾಳೆ ಬೆಳಿಗ್ಗೆ ಒಬ್ಬರು ನೋಡೋಕೆ ಬರ್ತಾರೆ. ಟ್ರಯಲ್ ಕೊಡೋಕೆ ಯಜಮಾನ್ರು ಮೂರು ರಸ್ತೆ ಓಡಾಡಿ ನೋಡಿ ಒಂದು ಆರಿಸಿದ್ದಾರೆ, ಕೆರೆ ಹಿಂದಿನ ಹೊಸ ರಸ್ತೆ. ಕಂಟ್ರಾಕ್ಟರು ಅಳತೆ ತಪ್ಪಿ ಅದನ್ನು ಪೂರ್ತಿ ಬಲಕ್ಕೆ ವಾಲಿಸಿ ಹಾಕಿದ್ದಾನೆ. ಬೇರೆ ಗಾಡಿಗಳೆಲ್ಲ ಅಲ್ಲಿ ಬಲಕ್ಕೆ ಜಾರ್ತವೆ ಮಾರಾಯ್ರೆ, ನಾನೊಬ್ಬನೇ ನೇರ ಹೋಗೋದು.